ಅರ್ಧ ಚಮಚ ನೀರು

ಬಾಯಾರು ಪದವಿನ ಕಲ್ಲುಕೋರೆಯಲ್ಲಿ
ನಾನು ಲೆಕ್ಕ ಬರೆಯುವವಳು.
ದಿನಕ್ಕೆ ಎಷ್ಟು ಕಲ್ಲು, ಎಷ್ಟು ಲೋಡು,
ಒಡೆದದ್ದೆಷ್ಟು, ಮೂಲೆ ಹೋದದ್ದೆಷ್ಟು.
ಪುಸ್ತಕದ ಅಂಚೂ ಕೆಂಪು, ಉಗುರ ಸಂದೂ ಕೆಂಪು,
ಸೀನಿದರೆ ಅದೂ ಕೆಂಪು.
ರಾತ್ರಿ ಸ್ನಾನಕ್ಕೆ ಈಗ ಒಂದೇ ಕೊಡಪಾನ.

ಅಜ್ಜ ಕುಕ್ಕರಗಾಲಲ್ಲಿ ಕೂತು,
ಮೇಣದಬತ್ತಿ ನಂದಿದರೆ ಹೊರಗೋಡಿ ಬಂದು
ಉಸಿರು ತುಂಬಿಕೊಂಡು ಮತ್ತೆ ಹೊಕ್ಕು
ನಾಲ್ಕು ಬೇಸಿಗೆ ಕೊರೆದ ಅರುವತ್ತು ಕೋಲಿನ ಸುರಂಗ
ಈ ಸಲ ಮಾರ್ಚಿಗೇ ನಾಲಗೆ ಒಳಗೆಳೆದುಕೊಂಡಿತು.
ಗುಡ್ಡ ಮಳೆ ಕುಡಿದರಲ್ಲವೇ ಅದು ತೊಟ್ಟಿಕ್ಕುವುದು?
ಗುಡ್ಡವನ್ನು ನಾವು ಲಾರಿ ಹತ್ತಿಸುತ್ತಿದ್ದೇವೆ.
ಹತ್ತಿಸಿದ್ದನ್ನು ನಾನೇ ಬರೆಯುತ್ತಿದ್ದೇನೆ,
ಚೆಂದದ ಅಕ್ಷರದಲ್ಲಿ, ಟೋಟಲಿನ ಕೆಳಗೆ ಎರಡು ಗೆರೆ ಎಳೆದು.
ಬಾಯಾರು ಎಂಬ ಹೆಸರು ಯಾಕೆ ಬಂತೆಂದು
ಈಗ ಊರಲ್ಲಿ ಯಾರೂ ಕೇಳುವುದಿಲ್ಲ.

ಬಿಸು ಕಳೆದ ಮೂರನೇ ದಿನ
ಹಸೈನಾರ್ ಗಕ್ಕನೆ ಬ್ರೇಕು ಒತ್ತಿ ಕೂಗಿದ:
‘ವಾರಿಜಕ್ಕಾ, ಓಡಿ ಬನ್ನಿ,
ಇಲ್ಲಿ ಕಲ್ಲು ಮೊಟ್ಟೆ ಇಟ್ಟಿದೆ!’

ಹೋಗಿ ನೋಡಿದರೆ, ಹೌದು.
ಗೂಡಿಲ್ಲ, ಹುಲ್ಲಿಲ್ಲ, ಮರೆಯಿಲ್ಲ.
ಜಲ್ಲಿಯ ನಡುವೆ ಜಲ್ಲಿಯದೇ ಬಣ್ಣದ ನಾಲ್ಕು,
ಚೂಪು ತುದಿ ಒಳಕ್ಕೆ ಮಾಡಿ ಮಲಗಿವೆ.
ಮೇಲೆ ಟಿಟ್ಟಿಭ: ಕಪ್ಪು ಟೋಪಿ,
ಕಣ್ಣ ಮುಂದೆ ಜೋಲುವ ಹಳದಿ ತೊಗಲು,
ನಮ್ಮ ಏಳು ತಲೆಮಾರಿಗೂ ಸೇರಿಸಿ ಬೈಗುಳ.

‘ಧಣಿ ಬಂದರೆ?’ ಎಂದೆ.
ಹಸೈನಾರ್ ಮಾತಾಡಲಿಲ್ಲ. ಲಾರಿ ಹಿಂದಕ್ಕೆ ತೆಗೆದ.
ಸ್ಟೆಪ್ಪಿನಿ ಇಳಿಸಿ, ಉರುಳಿಸಿ ತಂದು
ಗುರುತಿಗೆಂದು ದಾರಿಗೆ ಅಡ್ಡ ಮಲಗಿಸಿದ.
ಒಡಿಶಾದ ಪಬಿತ್ರ, ಕಟಿಂಗ್ ಮಿಷನಿನ ಹಳಿಯನ್ನು
ಎರಡು ಮಾರು ಆಚೆ ಸರಿಸಿದ.
ಬೆರಳು ಮಡಚಿ ಎಣಿಸಿ ಹೇಳಿದ, ಇಪ್ಪತ್ತೆಂಟು ದಿನ.
ಅವನೂರ ಹೊಳೆಯ ಮರಳಲ್ಲಿ ಹಾಗಂತೆ.

ನಡುಹಗಲು. ಮಿಷನೂ ಉಸಿರು ಬಿಡುವ ಹೊತ್ತು.
ತಗಡಿನ ನೆರಳಲ್ಲಿ ಗಂಜಿ ಉಣ್ಣುತ್ತಾ ನೋಡಿದೆ:
ಅವಳು (ಅವನೋ?) ಎದ್ದಳು,
ಬ್ಲೇಡು ತಣಿಸುವ ನೀರಿನ ಹೊಂಡಕ್ಕೆ ನಡೆದಳು,
ಕುಡಿಯಲಿಲ್ಲ.
ಕೂತಳು. ಎಡಕ್ಕೆ ಬಲಕ್ಕೆ ಹೊಟ್ಟೆ ಅದ್ದಿ
ಒಂದೊಂದು ಗರಿಗೂ ಕುಡಿಸಿ,
ಹಾರದೆ, ತುಳುಕದ ಹಾಗೆ, ಪುಟಪುಟನೆ ಓಡಿ ಬಂದು
ಸುಡುವ ಮೊಟ್ಟೆಗಳ ಮೇಲೆ ಇಳಿಸಿದಳು.
ಮತ್ತೆ ಹೋದಳು.
ಮತ್ತೆ.

ಒಂದು ಸಲಕ್ಕೆ ಅರ್ಧ ಚಮಚ ಇದ್ದೀತು.
ಪುಸ್ತಕದ ಕೊನೆಯ ಹಾಳೆಯಲ್ಲಿ ಅದನ್ನೂ ಬರೆಯತೊಡಗಿದೆ:
ಹನ್ನೆರಡರಿಂದ ಮೂರರ ತನಕ ಹನ್ನೊಂದು ಸಲ.
ಮರುದಿನ ಹದಿನಾಲ್ಕು. ಮೋಡವಿದ್ದ ದಿನ ನಾಲ್ಕೇ.
ದಾರಿಯಲ್ಲಿ ಆರಿದ್ದೆಷ್ಟು, ತಲುಪಿದ್ದೆಷ್ಟು,
ಆ ಕಾಲಂ ಖಾಲಿ.

ಇದರಿಂದ ಸುರಂಗಕ್ಕೆ ನೀರು ಬರುವುದಿಲ್ಲ, ಗೊತ್ತು.
ಹಕ್ಕಿಯ ಒದ್ದೆ ಹೊಟ್ಟೆ ನೋಡಿ ಗಂಟಲು ಕಟ್ಟಿದ ನಾನೇ
ಸಂಜೆ ಐದಕ್ಕೆ ಏಳುನೂರ ನಲವತ್ತು ಕಲ್ಲು ಬರೆದು
ಕೈ ತೊಳೆಯದೆ ಮನೆಗೆ ಹೋದೆ.
ಆದರೂ ಬೆಳಗ್ಗೆ, ಎಷ್ಟೋ ವರ್ಷದ ನಂತರ,
ಕೆಲಸಕ್ಕೆ ಅರ್ಧ ಗಂಟೆ ಮೊದಲೇ ಬಂದಿದ್ದೆ.

ಮೇ ನಡುವೆ ಒಂದು ರಾತ್ರಿ ಗುಡುಗು, ನಾಲ್ಕು ಹನಿ.
ಮರುದಿನ ಜಲ್ಲಿಗೆ ಕಾಲು ಬಂತು!
ಒಂದು, ಎರಡು, ಮೂರು,
ಹುಟ್ಟಿದ ಹೊತ್ತಿಗೇ ಓಡುವ ಹತ್ತಿ ಉಂಡೆಗಳು,
ತಾಯಿ ಕೂಗಿದರೆ ತಟ್ಟನೆ ಮತ್ತೆ ಕಲ್ಲು.
ನಾಲ್ಕನೆಯದು ಕಲ್ಲಾಗಿಯೇ ಉಳಿಯಿತು.

ಗುಡ್ಡದ ಮೂರು ಚೂರು
ಲಾರಿ ಹತ್ತದೆ, ತಮ್ಮದೇ ಕಾಲಲ್ಲಿ
ಕೋರೆ ದಾಟಿ ಮುಳಿಹುಲ್ಲಿನೊಳಗೆ ಹೋದವು.
ಯಾವ ಲೆಕ್ಕದಲ್ಲಿ ಬರೆಯಲಿ?

ಸ್ಟೆಪ್ಪಿನಿ ಇನ್ನೂ ಅಲ್ಲೇ ಮಲಗಿದೆ.
ಒಳಗೆ ಮಳೆನೀರು; ನೀರಲ್ಲಿ ಯಾರದೋ ಗೊದಮೊಟ್ಟೆ
ಬಾಲ ಅಲ್ಲಾಡಿಸುತ್ತಿದೆ.
‘ಪಂಚರಾದರೆ ಏನು ಮಾಡುತ್ತೀ?’ ಕೇಳಿದೆ.
ಹಸೈನಾರ್ ಬೀಡಿ ಹಚ್ಚಿ ಹೇಳಿದ:
‘ಕಾಲು ಬರಲಿ ಅಕ್ಕಾ. ಆಮೇಲೆ ತೆಗೆದರಾಯಿತು.’